ಪಾಪ್ ಪಂಕ್: ಕೇಳುವ, ನುಡಿಸುವ ಮೊದಲು

ಗೆಳೆಯರೇ, ಪಾಪ್ ಪಂಕ್ (ಪಂಕ್ ರಾಕ್‌ನ ವೇಗಕ್ಕೆ ಪಾಪ್ ಧಾಟಿ ಬೆರೆತ ಸಂಗೀತ) ಹುಟ್ಟಿದ್ದೇ ಗ್ರೀನ್ ಡೇ ಬ್ಯಾಂಡಿನ 1994ರ ಆಲ್ಬಂ 'ಡೂಕಿ'ಯಿಂದ ಅಂದುಕೊಂಡವರು ದಯವಿಟ್ಟು ರಮೋನ್ಸ್ ಬ್ಯಾಂಡಿನ 1976ರ ಮೊದಲ ಆಲ್ಬಂ ಕೇಳಿ. 14 ಹಾಡು, ಒಟ್ಟು 29 ನಿಮಿಷ. ವೇಗ ಎಷ್ಟೇ ಇದ್ದರೂ ಧಾಟಿ ಮಾತ್ರ ಅರವತ್ತರ ದಶಕದ ಪಾಪ್‌ನದೇ, ಗುನುಗುವಂಥದ್ದು. ಆಮೇಲೆ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್, ಕ್ಯಾಲಿಫೋರ್ನಿಯಾದ ಡಿಸೆಂಡೆಂಟ್ಸ್ ಬ್ಯಾಂಡ್‌ಗಳನ್ನೂ ಕೇಳಿ.

ಗಿಟಾರ್ ಹಿಡಿಯುವವರಿಗೆ: ರಮೋನ್ಸ್ ಗಿಟಾರಿಸ್ಟ್ ಜಾನಿ ರಮೋನ್‌ರಂತೆ ಹೊಡೆತವೆಲ್ಲ ಕೆಳಮುಖವಾಗಿರಲಿ. ಮಣಿಕಟ್ಟು ಬಿಗಿಹಿಡಿದರೆ ಕೈ ಬೇಗ ಸೋಲುತ್ತದೆ. ಮೆಟ್ರೊನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 120 ಬಡಿತದಿಂದ ಶುರುಮಾಡಿ ಐದೈದೇ ಏರಿಸಿ. ಪಾಮ್ ಮ್ಯೂಟ್‌ಗೆ (ಅಂಗೈ ತಾಗಿಸಿ ತಂತಿಯ ನಾದ ತಗ್ಗಿಸಲು) ಅಂಗೈಯ ಅಂಚು ಬ್ರಿಡ್ಜ್ (ತಂತಿಗಳು ಆನಿಕೊಂಡಿರುವ ಕುದುರೆ) ಪಕ್ಕದಲ್ಲೇ ಇರಬೇಕು. ಮುಂದೆ ಸರಿದರೆ ಸ್ವರ ಸತ್ತು ಬರೀ 'ಟಪ್' ಅನ್ನುತ್ತದೆ. ಡಿಸ್ಟಾರ್ಷನ್ (ದನಿ ಒರಟಾಗಿಸುವ ಎಫೆಕ್ಟ್) ಹಾಕಿದಾಗ ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೇಡ, ಷಡ್ಜ-ಪಂಚಮ ಸಾಕು. ಗಾಂಧಾರ ಸೇರಿದರೆ ಎಲ್ಲ ಕಲಸುಮೇಲೋಗರ.