ವಿನಿಮಯ ಅಂದ ಮೇಲೆ ಅವರೂ ಬರಬೇಕಲ್ವಾ?

ಸಂಪಾದಕರೇ,

ನಾವಿರೋದು ಅಮೆರಿಕದ ಫೀನಿಕ್ಸ್‌ನಲ್ಲಿ. ಹದಿನೈದು ವರ್ಷದ ನಮ್ಮ ಮಗಳು ಈ ಬೇಸಿಗೆಯಲ್ಲಿ ಹುಡುಗಿಯರ ನಾಯಕತ್ವ ಶಿಬಿರದವರ 'ವಿನಿಮಯ' ಪ್ರವಾಸದಲ್ಲಿ ನವಾಹೊ ನೇಷನ್‌ಗೆ, ಅಂದರೆ ನವಾಹೊ ಅನ್ನೋ ಮೂಲನಿವಾಸಿ ಬುಡಕಟ್ಟಿನ ಸ್ವಂತ ಆಡಳಿತದ ನಾಡಿಗೆ, ಹೋಗಿ ಬಂದಳು. ಬಂದವಳು ಮಾತು ನಿಲ್ಲಿಸಿಲ್ಲ! ಅಲ್ಲಿ ಯಾರಾದರೂ ತಮ್ಮ ಪರಿಚಯ ಹೇಳಿಕೊಳ್ಳುವಾಗ ಮೊದಲು ತಾಯಿಯ ಕುಲ, ಆಮೇಲೆ ತಂದೆಯದು ಹೇಳುತ್ತಾರಂತೆ. ಹುಡುಗಿ ದೊಡ್ಡವಳಾದಾಗ 'ಕಿನಾಲ್ಡಾ' ಅನ್ನೋ ಆಚರಣೆ ಮಾಡುತ್ತಾರೆ. ಅವಳು ನಸುಕಿನಲ್ಲಿ ಪೂರ್ವಕ್ಕೆ ಓಡುತ್ತಾಳೆ, ಮೆಕ್ಕೆಜೋಳ ಬೀಸುತ್ತಾಳೆ, ಆ ಹಿಟ್ಟಿನ ದೊಡ್ಡ ಕೇಕನ್ನು ನೆಲದ ಗುಂಡಿಯಲ್ಲಿ ರಾತ್ರಿಯಿಡೀ ಬೇಯಿಸಿ ಬೆಳಿಗ್ಗೆ ಎಲ್ಲರಿಗೂ ಹಂಚುತ್ತಾರೆ. ಮೈನೆರೆಯೋದನ್ನು ಮುಚ್ಚಿಡದೆ ಶಕ್ತಿ ಅಂತ ನೋಡುವ ಜನ ಅವರು, ಇದು ನನ್ನ ಮನಸ್ಸಿಗೆ ತುಂಬಾ ಹಿಡಿಸಿತು.

ನಾಯಕತ್ವಕ್ಕೂ ಅಲ್ಲಿ ದೂರ ಹುಡುಕಬೇಕಿಲ್ಲ. ಆನಿ ಡಾಡ್ಜ್ ವಾನೆಕಾ 1951ರಲ್ಲಿ ಬುಡಕಟ್ಟಿನ ಕೌನ್ಸಿಲ್‌ಗೆ ಗೆದ್ದು, ಮನೆಮನೆಗೆ ಹೋಗಿ ಕ್ಷಯರೋಗದ ವಿರುದ್ಧ ದುಡಿದವರು. 1963ರಲ್ಲಿ ಅವರಿಗೆ ದೇಶದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಸಿಕ್ಕಿತು.

ಆದರೆ ಒಂದು ಬೇಸರ ಇದೆ. ಐದು ದಿನದಲ್ಲಿ ಎರಡು ದಿನ ನಮ್ಮ ಮಕ್ಕಳು ಸುಮ್ನೆ ಗೋಡೆಗೆ ಬಣ್ಣ ಬಳಿದು ಫೋಟೋ ತೆಗೆಸಿಕೊಂಡರು. 1864ರಲ್ಲಿ ಅಮೆರಿಕದ ಸೈನ್ಯ ಆ ಜನರನ್ನು ಊರು ಬಿಡಿಸಿ ದೂರಕ್ಕೆ ನಡೆಸಿಕೊಂಡು ಹೋಗಿದ್ದು, 1868ರ ಒಪ್ಪಂದದ ನಂತರ ಅವರು ತಮ್ಮ ನೆಲಕ್ಕೆ ಮರಳಿದ್ದು, ಈಗಲೂ ಎಷ್ಟೋ ಮನೆಗಳಿಗೆ ನಲ್ಲಿ ನೀರಿಲ್ಲದಿರುವುದು, ಇದನ್ನೆಲ್ಲ ಅಲ್ಲಿನ ಅಜ್ಜಿಯರ ಬಾಯಲ್ಲೇ ಕೇಳೋಕೆ ಇನ್ನೂ ಜಾಸ್ತಿ ಹೊತ್ತು ಕೊಡಬೇಕಿತ್ತು.

ಶಿಬಿರ ನಡೆಸುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಅಲ್ಲಿನ ಹುಡುಗಿಯರನ್ನೂ ನಮ್ಮ ಮನೆಗಳಿಗೆ ಕರೆತನ್ನಿ. ನಮ್ಮಲ್ಲಿ ಇಬ್ಬರಿಗೆ ಜಾಗ ಇದೆ, ಊಟಕ್ಕೆ ಜೋಳದ ರೊಟ್ಟಿ ನಾನೇ ತಟ್ಟುತ್ತೇನೆ.

- ಒಬ್ಬ ತಾಯಿ, ಫೀನಿಕ್ಸ್