ಚುಕ್ಕಿಯ ಹೊಟ್ಟೆಯ ಕೆಳಗೆ ಎಷ್ಟು ಬಿಸಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ನಮ್ಮ ಲೆಪರ್ಡ್ ಗೆಕೊ ಹಲ್ಲಿ ಚುಕ್ಕಿಗೆ ಹೊಸ ತೊಟ್ಟಿ ಬಂತು, ತಳಕ್ಕೆ ಅಂಟಿಸಿ ಬಿಸಿ ಕೊಡುವ ಹೊಸ ಹೀಟ್ ಮ್ಯಾಟೂ ಬಂತು, ಆ ಬಿಸಿ ಹದ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಮಾತ್ರ ಮುಂದಿನ ತಿಂಗಳು ತಗೊಳ್ತೀನಿ, ಅಲ್ಲಿವರೆಗೆ ಮ್ಯಾಟನ್ನ ಸುಮ್ನೆ ಪ್ಲಗ್ಗಿಗೆ ಹಾಕಿಡ್ತೀನಿ ಅಂದೆ. ಬೇಡ. ದಯವಿಟ್ಟು ಬೇಡ. ಇವತ್ತು ಬೆಳಿಗ್ಗೆಯೇ ಹೋಗಿ ಒಂದು ಥರ್ಮೋಸ್ಟಾಟ್ ತಂದು ಪಾರ್ಸಲ್ ಮಾಡಿದ್ದೇನೆ. ಅದು ಬರುವವರೆಗೆ ಚುಕ್ಕಿ ಹಳೆಯ ತೊಟ್ಟಿಯಲ್ಲೇ ಇರಲಿ. ಇಷ್ಟು ವರ್ಷ ಇದ್ದ ಮನೆ, ಇನ್ನೊಂದು ವಾರ ಅವಳಿಗೇನೂ ಕಷ್ಟವಾಗುವುದಿಲ್ಲ.

ಅವಳು ಮನೆಗೆ ಬಂದ ಮೊದಲ ವಾರ ನಿನಗೆ ನೆನಪಿದೆಯೋ ಇಲ್ಲವೋ. 2018, ನಿನಗೆ ಹನ್ನೆರಡು. ಆಗ ನಿನಗೆ "ಚುಕ್ಕಿಗೆ ಸ್ವಲ್ಪ ಹುಷಾರಿಲ್ಲ" ಅಂತ ಅಷ್ಟೇ ಹೇಳಿದ್ದೆವು. ಪೂರ್ತಿ ವಿಷಯ ಈಗ ಹೇಳುತ್ತೇನೆ.

ಅಂಗಡಿಯಲ್ಲಿ ಕೇಳಿದ್ದಕ್ಕೆ, ಇದು ಬರೀ 8 ವ್ಯಾಟಿನ ಮ್ಯಾಟ್, ಇದಕ್ಕೆಲ್ಲ ಥರ್ಮೋಸ್ಟಾಟ್ ಬೇಕಾಗಿಲ್ಲ ಅಂದರು. ನಾನು ನಂಬಿದೆ. ತೊಟ್ಟಿಯ ತಳಕ್ಕೆ ಮ್ಯಾಟ್ ಅಂಟಿಸಿ, ಒಳಗೆ ಎರಡು ಇಂಚು ಮರಳು ಹಾಕಿ, ನೇರವಾಗಿ ಪ್ಲಗ್ ಹಾಕಿದೆ. ದಿನಾ ರಾತ್ರಿ ಮರಳಿನ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ನೀನು ಕೂಸಾಗಿದ್ದಾಗ ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದೆನಲ್ಲ, ಅದೇ ಅಭ್ಯಾಸ. ಹಿತವಾಗಿ ಬೆಚ್ಚಗಿರುತ್ತಿತ್ತು. ಆದರೆ ಚುಕ್ಕಿ ಮರಳನ್ನು ಕೆದಕಿ ಕೆದಕಿ ಗಾಜಿನವರೆಗೆ ಇಳಿದು ಅಲ್ಲಿ ಮಲಗುತ್ತಿದ್ದಳು. ಮರಳು ಶಾಖವನ್ನು ಮೇಲೆ ಬಿಡದೆ ತಳದಲ್ಲೇ ಹಿಡಿದಿಟ್ಟಿತ್ತು. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಅದೇ.

ಆರನೇ ದಿನ ಅವಳು ಹುಳ ಮುಟ್ಟಲಿಲ್ಲ. ಎತ್ತಿ ಒಂದು ಗಾಜಿನ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ನೋಡಿದೆ. ಹೊಟ್ಟೆಯ ಎಡಗಡೆ, ನನ್ನ ಕಿರುಬೆರಳಿನ ಉಗುರಿನಷ್ಟು ಜಾಗ ಕೆಂಪಾಗಿತ್ತು, ನಡುವೆ ಚರ್ಮ ಒಣಗಿ ಮುದುರಿತ್ತು. ಉಳಿದ ಹೊಟ್ಟೆಯೆಲ್ಲ ಅಕ್ಕಿ ಹಿಟ್ಟಿನ ಬಣ್ಣ. ನಿನ್ನ ಅಪ್ಪ ಆಫೀಸಿನಿಂದ, ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಂದು ಮರಳು ಸರಿಸಿ ಗಾಜಿಗೆ ಹಿಡಿದರು. 112 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 44 ಡಿಗ್ರಿ ಸೆಲ್ಸಿಯಸ್.

ಸುಡುತ್ತಿದ್ದರೆ ಎದ್ದು ಹೋಗಬೇಕಿತ್ತಲ್ಲ ಅಂತ ನಾನು ಡಾಕ್ಟರನ್ನು ಕೇಳಿದೆ. ಹೋಗುವುದಿಲ್ಲ, ಹೊಟ್ಟೆಯ ಕೆಳಗಿನ ಬಿಸಿ ಮಿತಿ ಮೀರಿದರೂ ಎಷ್ಟೋ ಹಲ್ಲಿಗಳು, ಹಾವುಗಳು ಅಲ್ಲೇ ಬಿದ್ದಿರುತ್ತವೆ ಅಂದರು. ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಕೊಟ್ಟರು. ಮರಳೆಲ್ಲ ತೆಗೆದು ಪೇಪರ್ ಟವೆಲ್ ಹಾಸಿ, ಹತ್ತಿಯ ಕಡ್ಡಿಯಲ್ಲಿ ದಿನಾ ಮುಲಾಮು ಸವರಿ, ಅವಳು ಮೂರು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಯಿತು. ಈಗಲೂ ಎಡಗಡೆ ಒಂದು ಬಿಳಿ ಮಚ್ಚೆ ಇದೆ, ನೋಡು. ಅದು ಹುಟ್ಟು ಮಚ್ಚೆ ಅಂತ ನೀನು ಅಂದುಕೊಂಡಿದ್ದೀಯ.

ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ಬಿಸಿ ಯಾಕೆ ಬೇಕು ಅಂತ ತಿಳಿದುಕೋ. ಇವಳ ಜಾತಿ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುಗುಡ್ಡಗಳದ್ದು. ಹಗಲು ಬಂಡೆ ಸಂದಿಯಲ್ಲಿದ್ದು ಮುಸ್ಸಂಜೆಗೆ ಹೊರಗೆ ಬರುತ್ತವೆ. ಹಾಸನದಲ್ಲಿ ಅಜ್ಜಿ ಮನೆಯ ಜಗಲಿ ಕಲ್ಲಿನ ಮೇಲೆ ಬೇಸಿಗೆ ಸಂಜೆ ಕೂತರೆ ಸೂರ್ಯ ಮುಳುಗಿದ ಮೇಲೂ ಬಿಸಿ ತಾಗುತ್ತಿತ್ತಲ್ವಾ? ಅಂಥ ಕಲ್ಲಿನ ಬಿಸಿಯೇ ಇವಳಿಗೆ ಅಭ್ಯಾಸ. ಮೈಯೊಳಗೆ ನಮ್ಮ ಹಾಗೆ ಶಾಖ ಹುಟ್ಟುವುದಿಲ್ಲ. ಹೊಟ್ಟೆಗೆ ಬಿಸಿ ಸಿಗದಿದ್ದರೆ ತಿಂದ ಹುಳ ಅರಗುವುದಿಲ್ಲ. ಬಿಸಿ ಸಾಕಾದ ಮೇಲೆ ತಂಪಿಗೆ ಹೋಗಲು ಜಾಗವೂ ಇರಬೇಕು. ತೊಟ್ಟಿಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು, ಎರಡೂ ಕಡೆ ಅಡಗಲು ಗೂಡು.

ನಿನ್ನ ಹೊಸ ತೊಟ್ಟಿ 36 ಇಂಚು ಉದ್ದ. ಮ್ಯಾಟ್ ಒಂದು ತುದಿಯಲ್ಲಿರಲಿ, ತಳದ ಮೂರನೇ ಒಂದು ಭಾಗ ದಾಟಬಾರದು. ನಡುವೆ ಅಂಟಿಸಿದರೆ ತಂಪು ಜಾಗವೇ ಉಳಿಯುವುದಿಲ್ಲ. ಅಂಟಿಸುವ ಮುಂಚೆ ತಳದ ಗಾಜನ್ನು ಹೊರಗಡೆಯಿಂದ ಆಲ್ಕೋಹಾಲಿನಲ್ಲಿ ಒರೆಸಿ ಚೆನ್ನಾಗಿ ಒಣಗಿಸು. ಹಿಂದಿನ ಕಾಗದ ಒಟ್ಟಿಗೆ ಕೀಳಬೇಡ. ಒಂದು ಅಂಚಿನಿಂದ ಸ್ವಲ್ಪ ಸ್ವಲ್ಪ ಬಿಡಿಸುತ್ತಾ, ಪುಸ್ತಕಕ್ಕೆ ಬೈಂಡ್ ಹಾಕುವಾಗ ಒತ್ತುತ್ತೀವಲ್ಲ ಹಾಗೆ ಅಂಗೈಯಿಂದ ಒತ್ತುತ್ತಾ ಹೋಗು. ಗಾಳಿಯ ಗುಳ್ಳೆ ಉಳಿದರೆ ಅಲ್ಲಿ ಬಿಸಿ ಕಟ್ಟುತ್ತದೆ. ಮಡಿಕೆ ಬಿದ್ದರೆ ಒಳಗಿನ ಎಳೆ ಮುರಿಯುತ್ತದೆ. ಒಮ್ಮೆ ಅಂಟಿಸಿದ್ದನ್ನು ಕಿತ್ತು ಇನ್ನೊಂದು ಕಡೆ ಅಂಟಿಸಬಾರದು, ಹಳೆಯ ತೊಟ್ಟಿಯ ಮ್ಯಾಟನ್ನು ಬಿಡಿಸಿ ಇದಕ್ಕೂ ಹಾಕೋಣ ಅಂತ ಮಾತ್ರ ಯೋಚಿಸಬೇಡ.

ಮ್ಯಾಟಿನ ಕೆಳಗೆ ಗಾಳಿ ಆಡಬೇಕು. ಡಬ್ಬದಲ್ಲಿ ನಾಲ್ಕು ರಬ್ಬರ್ ಕಾಲು ಬಂದಿರುತ್ತವೆ, ಅವನ್ನು ಎಸೆಯದೆ ತೊಟ್ಟಿಯ ನಾಲ್ಕು ಮೂಲೆಗೆ ಅಂಟಿಸು. ತೊಟ್ಟಿ ಮೇಜಿನ ಮೇಲೆ ಅಮರಿಕೊಂಡು ಕೂತರೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಗಾಜು ಸೀಳಬಹುದು, ಮರ ಕಂದಬಹುದು. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಜೋಲಿಯಂತೆ ಇಳಿದು ಮತ್ತೆ ಮೇಲೆ ಹೋಗಲಿ. ನೀರಿನ ಬಟ್ಟಲು ಚೆಲ್ಲಿದರೂ ಹನಿ ಆ ಜೋಲಿಯಿಂದ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಈಗ ಥರ್ಮೋಸ್ಟಾಟ್. ಗೋಡೆಯ ಪ್ಲಗ್ಗಿಗೆ ಥರ್ಮೋಸ್ಟಾಟ್, ಥರ್ಮೋಸ್ಟಾಟಿಗೆ ಮ್ಯಾಟ್. ಅದರಿಂದ ಹೊರಟ ತೆಳ್ಳಗಿನ ವೈರಿನ ತುದಿಯಲ್ಲಿ ಒಂದು ಪ್ರೋಬ್ ಇದೆ. ಅದು ಎಲ್ಲಿ ಕೂತಿದೆಯೋ ಅಲ್ಲಿಯ ಬಿಸಿ ಮಾತ್ರ ಅದಕ್ಕೆ ಗೊತ್ತು. ಹಾಸಿನ ಮೇಲೆ ಸಡಿಲವಾಗಿ ಬಿಟ್ಟರೆ ಚುಕ್ಕಿ ಎಳೆದುಕೊಂಡು ತಂಪು ತುದಿಗೆ ಹಾಕುತ್ತಾಳೆ. ಪ್ರೋಬ್ ತಂಪಾಗಿದೆ ಅಂತ ಥರ್ಮೋಸ್ಟಾಟ್ ಮ್ಯಾಟಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಬೆಚ್ಚಗಿನ ತುದಿ ಮತ್ತೆ 110 ಫ್ಯಾರನ್‌ಹೀಟ್ ದಾಟುತ್ತದೆ. ಅದಕ್ಕೆ ಪ್ರೋಬನ್ನು ಮ್ಯಾಟಿನ ನಡುಭಾಗಕ್ಕೆ ಸರಿಯಾಗಿ, ಒಳಗಿನ ಗಾಜಿನ ಮೇಲಿಟ್ಟು, ಅಕ್ವೇರಿಯಂ ಸಿಲಿಕೋನ್ ಹಚ್ಚಿ ಕೂರಿಸು. ವಾಸನೆ ಪೂರ್ತಿ ಹೋಗುವವರೆಗೆ ಬಿಡು. ತೊಟ್ಟಿಯೊಳಗೆ ಟೇಪ್ ಮಾತ್ರ ಎಲ್ಲೂ ಬೇಡ. ಟೇಪಿಗೆ ಅಂಟಿಕೊಂಡ ಹಲ್ಲಿಯನ್ನು ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ. ಪ್ರೋಬ್ ಮೇಲೆ ಕಪ್ಪು ಸ್ಲೇಟ್ ಟೈಲ್ ಅಲುಗಾಡದ ಹಾಗೆ ಕೂರಿಸು, ಟೈಲಿನ ಮೇಲೆ ಅವಳ ಗೂಡು. ಮರಳು ಬೇಡ. ಟೈಲಾದರೆ ಕೆದಕಿ ಕೆಳಗಿಳಿಯಲು ಆಗುವುದಿಲ್ಲ, ಸಂಜೆಯ ಜಗಲಿ ಕಲ್ಲಿನ ಹಾಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ.

ಸಿಲಿಕೋನ್ ಹಚ್ಚುವ ಮುಂಚೆ ಒಂದು ಪರೀಕ್ಷೆ ಮಾಡು. ಥರ್ಮೋಸ್ಟಾಟನ್ನು 85 ಫ್ಯಾರನ್‌ಹೀಟಿಗೆ ಇಟ್ಟು ಪ್ರೋಬನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೋ. ಅಂಕಿ ನಿಧಾನವಾಗಿ ಏರಿ 85 ದಾಟಿದ ಮೇಲೆ ದೀಪ ಆರಬೇಕು. ಆರದಿದ್ದರೆ ಆ ಥರ್ಮೋಸ್ಟಾಟ್ ವಾಪಸ್ ಕಳಿಸು.

ಆಮೇಲೆ 90 ಫ್ಯಾರನ್‌ಹೀಟಿಗೆ ಇಡು, ಅಂದರೆ 32 ಸೆಲ್ಸಿಯಸ್. ನಾಲ್ಕೈದು ಗಂಟೆ ಬಿಟ್ಟು ಗೂಡು ಎತ್ತಿ, ಟೈಲಿನ ಮೇಲೆ ಗನ್ ಹಿಡಿದು ನೋಡು. ಪ್ರೋಬ್ ಟೈಲಿನ ಕೆಳಗಿರುವುದರಿಂದ ಮೇಲೆ ಒಂದೆರಡು ಡಿಗ್ರಿ ಕಮ್ಮಿ ಕಾಣಬಹುದು. ಒಂದೊಂದೇ ಡಿಗ್ರಿ ಏರಿಸುತ್ತಾ ಟೈಲಿನ ಮೇಲೆ 88ರಿಂದ 92ರೊಳಗೆ ನಿಲ್ಲಿಸು. ತಂಪು ತುದಿ 70ರಿಂದ 77 ಇದ್ದರೆ ಸಾಕು. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್ ಲೆಕ್ಕಕ್ಕೆ ಬರುವುದಿಲ್ಲ, ಅದು ಹೇಳುವುದು ಗೋಡೆಯ ಹತ್ತಿರದ ಗಾಳಿಯ ಬಿಸಿ. ಅವಳ ಹೊಟ್ಟೆ ಎಲ್ಲಿ ತಾಗುತ್ತದೋ ಅಲ್ಲಿ ಅಳೆಯಬೇಕು.

ಕೈಯನ್ನು ನಂಬಬೇಡ, ಪುಟ್ಟಿ. ಇದು ನನಗೆ ಅರ್ಥವಾಗಲು ತುಂಬಾ ದಿನ ಬೇಕಾಯಿತು. ನಮ್ಮ ಚರ್ಮದ ಬಿಸಿಯೇ ಹೆಚ್ಚುಕಮ್ಮಿ 32, 33 ಡಿಗ್ರಿ ಸೆಲ್ಸಿಯಸ್. ಸರಿಯಾಗಿ 32ರಲ್ಲಿರುವ ಟೈಲನ್ನು ಮುಟ್ಟಿದರೆ ಬಿಸಿ ಅಂತ ಅನ್ನಿಸುವುದೇ ಇಲ್ಲ. ಅಯ್ಯೋ ಕೆಲಸ ಮಾಡ್ತಿಲ್ಲ, ಇನ್ನೂ ಸ್ವಲ್ಪ ಏರಿಸೋಣ ಅನ್ನಿಸುತ್ತದೆ. ನಮ್ಮ ಕೈಗೆ ಹಿತ ಅನ್ನಿಸುವ ಬಿಸಿ ಅವಳಿಗೆ ಜಾಸ್ತಿ.

ನಾಲ್ಕು ಡಿಗ್ರಿಯಿಂದ ಏನು ಮಹಾ ಆಗುತ್ತೆ ಅಂತ ನಿನ್ನ ರೂಮಿನ ಗೆಳತಿ ಕೇಳಿದಳು ಅಂದೆಯಲ್ಲ, ಅವಳಿಗೆ ಇದನ್ನು ಹೇಳು. ನಮ್ಮ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೂಸ್ ಮತ್ತು ಅವರ ಜೊತೆಯವರು ಇದೇ ಜಾತಿಯ ಹಲ್ಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ಹಲ್ಲಿಯ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ನಿರ್ಧರಿಸುವುದು ಕಾವು. 26 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟರೆ ಬಹುತೇಕ ಹೆಣ್ಣು, 32.5ರಲ್ಲಿ ಹೆಚ್ಚಿನವು ಗಂಡು, 34 ದಾಟಿದರೆ ಮತ್ತೆ ಬಹುತೇಕ ಹೆಣ್ಣು. ಎರಡು ಡಿಗ್ರಿಗೆ ಗಂಡು ಹೆಣ್ಣಾಗುವ ಜೀವ ಇದು. ನಮ್ಮ ಚುಕ್ಕಿ ಹೆಣ್ಣಾಗಿರುವುದೂ ಯಾರೋ ಕೊಟ್ಟ ಕಾವಿನಿಂದಲೇ ಇರಬೇಕು.

ಮಿನಿಯಾಪೊಲಿಸ್ ಚಳಿಯ ಬಗ್ಗೆ ನನಗೆ ನಿಜವಾಗಿ ಯೋಚನೆಯಿದೆ. ಐ-35 ಹೆದ್ದಾರಿ ಹಿಡಿದು ಸುಮಾರು 1,200 ಮೈಲಿ ಉತ್ತರಕ್ಕೆ ಹೋದಿರಿ, ರಸ್ತೆ ಒಂದೇ ಆದರೂ ಹವೆ ಬೇರೆ. ಮ್ಯಾಟ್ ತನಗೆ ತಾಗಿದ ಜಾಗವನ್ನು ಮಾತ್ರ ಬೆಚ್ಚಗೆ ಮಾಡುತ್ತದೆ, ತೊಟ್ಟಿಯೊಳಗಿನ ಗಾಳಿಯನ್ನಲ್ಲ. ಇಲ್ಲಿ ಅದು ಸಾಕಾಗುತ್ತಿತ್ತು. ಅಲ್ಲಿ ತೊಟ್ಟಿಯನ್ನು ಕಿಟಕಿಯ ಪಕ್ಕ ಇಡಬೇಡ, ರೇಡಿಯೇಟರ್ ಪಕ್ಕವೂ ಬೇಡ, ಒಳಗಿನ ಗೋಡೆಗೆ ಇಡು. ಜನವರಿಯಲ್ಲಿ ರೂಮು ರಾತ್ರಿ 65 ಫ್ಯಾರನ್‌ಹೀಟಿಗಿಂತ ಕೆಳಗೆ ಹೋಗುತ್ತಿದೆ ಅಂತ ಕಂಡರೆ ಮ್ಯಾಟನ್ನು ಏರಿಸಬೇಡ. ಮೇಲಿನಿಂದ ಶಾಖ ಕೊಡುವ, ಬೆಳಕಿಲ್ಲದ ಸೆರಾಮಿಕ್ ಹೀಟರ್ ಬರುತ್ತದೆ, ಅದಕ್ಕೆ ಬೇರೆ ಥರ್ಮೋಸ್ಟಾಟ್, ಪಿಂಗಾಣಿಯ ಹೋಲ್ಡರ್ ಬೇಕು. ಆ ದುಡ್ಡು ನಾನು ಕೊಡುತ್ತೇನೆ.

ಕರೆಂಟ್ ಹೋದರೆ ಹೆದರಬೇಡ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ತುಂಬಾ ಕರೆಂಟ್ ಹೋಗಿ ನಾವು ಮೂವರೂ ಒಂದೇ ರೂಮಿನಲ್ಲಿ ಮಲಗಿದ್ದೆವಲ್ಲ. ಚುಕ್ಕಿಯನ್ನು ಶೂ ಡಬ್ಬಿಗೆ ಹಾಕಿ, ಗ್ಯಾಸಿನ ಮೇಲೆ ನೀರು ಬೆಚ್ಚಗೆ ಮಾಡಿ ಬಾಟಲಿಗೆ ತುಂಬಿ, ಅದಕ್ಕೆ ಅಜ್ಜಿಯ ಹಳೆಯ ಸೀರೆ ಎರಡು ಸುತ್ತು ಸುತ್ತಿ ಡಬ್ಬಿಯ ಒಂದೇ ಪಕ್ಕಕ್ಕೆ ಇಟ್ಟಿದ್ದೆವು. ನೀನು ರಾತ್ರಿ ಎದ್ದು ಎದ್ದು ಮುಚ್ಚಳ ತೆಗೆದು, ಅವಳು ರೆಪ್ಪೆ ಮುಚ್ಚಿ ಮಲಗಿದ್ದಾಳೆ ಅಂತ ಪಿಸುಗುಟ್ಟುತ್ತಿದ್ದೆ. ಮನೆಯ ಹಲ್ಲಿಗೆ ರೆಪ್ಪೆ ಇರುವುದಿಲ್ಲ, ಇವಳಿಗೆ ಇದೆ. ಒಂದೆರಡು ದಿನದ ತಂಪು ಅವಳು ತಡೆಯುತ್ತಾಳೆ, ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತಾಳೆ. ಮತ್ತೆ ಬೆಚ್ಚಗಾಗುವವರೆಗೆ ತಿನ್ನಲು ಮಾತ್ರ ಕೊಡಬೇಡ, ಅರಗುವುದಿಲ್ಲ.

ಎಲ್ಲ ಸರಿಯಾಗಿ ಕೂರಿಸಿದ ಮೇಲೂ ದಿನಕ್ಕೊಂದು ಸಲ ಗನ್ ಹಿಡಿ. ಥರ್ಮೋಸ್ಟಾಟೂ ಕೆಡುತ್ತದೆ, ಒಳಗಿನ ಸ್ವಿಚ್ ಅಂಟಿಕೊಂಡು ಆನ್ ಆಗಿಯೇ ಉಳಿದುಬಿಡಬಹುದು. ಅವಳು ಬೆಚ್ಚಗಿನ ಗೂಡಿಗೆ ಕಾಲೇ ಇಡುತ್ತಿಲ್ಲ, ಯಾವಾಗಲೂ ತಂಪು ತುದಿಯಲ್ಲಿದ್ದಾಳೆ ಅಂದರೆ ಮೊದಲು ಮ್ಯಾಟಿನ ಪ್ಲಗ್ ಕಿತ್ತು, ಆಮೇಲೆ ಕಾರಣ ಹುಡುಕು. ಬೆಚ್ಚಗಿನ ಗೂಡು ಬಿಟ್ಟು ಬರುತ್ತಲೇ ಇಲ್ಲ, ತಿನ್ನುತ್ತಿಲ್ಲ ಅಂದರೆ ಬಿಸಿ ಸಾಲುತ್ತಿಲ್ಲವೇನೋ ಅಂತ ನೋಡು. ವಾರಕ್ಕೊಮ್ಮೆ ಗಾಜಿನ ಡಬ್ಬಿಯಲ್ಲಿ ಬಿಟ್ಟು ಹೊಟ್ಟೆ ನೋಡುವುದನ್ನು ತಪ್ಪಿಸಬೇಡ. ಎಡಗಡೆಯ ಬಿಳಿ ಮಚ್ಚೆ ಬಿಟ್ಟರೆ ಬೇರೆ ಬಣ್ಣ ಕಾಣಬಾರದು.

ಪಾರ್ಸಲ್ ಗುರುವಾರ ತಲುಪಬೇಕು. ಥರ್ಮೋಸ್ಟಾಟ್ ಕೋಡುಬಳೆ ಡಬ್ಬದ ಕೆಳಗಿದೆ, ಗನ್ ಹಳದಿ ಬಟ್ಟೆಯಲ್ಲಿ ಸುತ್ತಿದೆ, ಬ್ಯಾಟರಿ ಹೊಸದು. ಚುಕ್ಕಿಯನ್ನು ಬಿಡದೆ ಖಾಲಿ ತೊಟ್ಟಿಯನ್ನೇ ಎರಡು ದಿನ ಪೂರ್ತಿ ಓಡಿಸು. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಟೈಲಿನ ಅಂಕಿ ಬರೆದುಕೊಂಡು ಫೋಟೋ ತೆಗೆದು ನನಗೆ ಕಳಿಸು. ಆರೂ ಅಂಕಿ ನೋಡಿ ನಾನು ಹೂಂ ಅಂದ ಮೇಲೆ ಅವಳನ್ನು ಒಳಗೆ ಬಿಡು.

ಅಮ್ಮ