ಅವನ ಸೈಟನ್ನು ಜಪ್ತಿ ಮಾಡಿಸುವ ಮುಂಚೆ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. 9 ಲಕ್ಷ ರೂಪಾಯಿಯ ವೈರು, ಪೈಪು, ಸ್ವಿಚ್ಚು ಉದ್ದರಿ ತೆಗೆದುಕೊಂಡ ಕಂಟ್ರಾಕ್ಟರ್ ಈಗ ಫೋನು ಎತ್ತುತ್ತಿಲ್ಲ, ದಾವಣಗೆರೆಯ ಸೈಟು ಮಾರಲು ಓಡಾಡುತ್ತಿದ್ದಾನೆ ಅಂತ ಬರೆದಿದ್ದೀಯ. ‘ಅವನ ಮನೆ, ಕಾರು, ಸೈಟು ಎಲ್ಲ ನಾಳೆಯೇ ಜಪ್ತಿ ಮಾಡಿಸಿಬಿಡಬಹುದಾ ಮಾವ?’ ಅಂತ ಕೇಳಿದ್ದೀಯ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆ ದುಡ್ಡು ನಿನ್ನ ಅಂಗಡಿಯ ಉಸಿರು. ಆದರೂ ಸಿವಿಲ್ ಕೋರ್ಟಿನ ಕಚೇರಿಯಲ್ಲಿ ಇಂಥ ಅರ್ಜಿಗಳ ಕಡತ ಕಟ್ಟಿದವನಾಗಿ ನಿನಗೆ ಕೆಲವು ಮಾತು ಹೇಳಲೇಬೇಕು.

ತೀರ್ಪಿಗೆ ಮುಂಚೆ ಜಪ್ತಿ ಮಾಡಿಸಲು ಕಾನೂನಿನಲ್ಲಿ ದಾರಿ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶ, 5ನೇ ನಿಯಮ. ಆದರೆ ಅವನು ಸಾಲ ತೀರಿಸಬೇಕು ಅನ್ನುವುದಷ್ಟೇ ಅದಕ್ಕೆ ಸಾಲದು. ಸೈಟು ಮಾರುತ್ತಿದ್ದಾನೆ ಅನ್ನುವುದೂ ಸಾಲದು. ಮುಂದೆ ಡಿಕ್ರಿ, ಅಂದರೆ ದುಡ್ಡು ಕೊಡು ಅಂತ ಕೋರ್ಟಿನ ತೀರ್ಪು, ಆದರೆ ನಿನ್ನ ಕೈಗೆ ಏನೂ ಸಿಗಬಾರದು ಅನ್ನುವ ಉದ್ದೇಶದಿಂದಲೇ ಮಾರುತ್ತಿದ್ದಾನೆ, ಅಥವಾ ಕೋರ್ಟಿನ ವ್ಯಾಪ್ತಿಯಿಂದ ಆಚೆ ಸಾಗಿಸುತ್ತಿದ್ದಾನೆ ಅಂತ ನ್ಯಾಯಾಧೀಶರಿಗೆ ಮನವರಿಕೆ ಆಗಬೇಕು. ಮಗಳ ಮದುವೆಗೋ ಬ್ಯಾಂಕಿನ ಕಂತಿಗೋ ಸೈಟು ಮಾರುವವರು ಬೇಕಾದಷ್ಟು ಜನ ಇದ್ದಾರೆ. ದಾವೆ ಬಿದ್ದ ಮಾತ್ರಕ್ಕೆ ಅವರ ಕೈ ಕಟ್ಟಿಹಾಕಲು ಆಗುವುದಿಲ್ಲ, ಅಲ್ವಾ? ಇದನ್ನೇ ಸುಪ್ರೀಂ ಕೋರ್ಟ್ 2007ರಲ್ಲಿ ರಾಮನ್ ಟೆಕ್ ಮತ್ತು ಸೋಲಂಕಿ ಟ್ರೇಡರ್ಸ್ ನಡುವಿನ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ಅಡಮಾನ ಇಲ್ಲದ ಸಾಲವನ್ನು ಅಡಮಾನದ ಸಾಲ ಮಾಡಿಕೊಳ್ಳಲು ಈ ನಿಯಮ ಇಲ್ಲ. ಎದುರಾಳಿಯನ್ನು ಹೆದರಿಸಿ ರಾಜಿಗೆ ಎಳೆಯುವುದಕ್ಕೂ ಇಲ್ಲ.

ಹಾಗಾಗಿ ಎಲ್ಲಕ್ಕಿಂತ ಜಾಸ್ತಿ ಗಮನ ಅರ್ಜಿಯ ಜೊತೆ ಪ್ರಮಾಣ ಮಾಡಿ ಕೊಡುವ ಹೇಳಿಕೆ, ಅಂದರೆ ಅಫಿಡವಿಟ್ ಮೇಲೆ ಇರಲಿ. ‘ಪ್ರತಿವಾದಿ ಆಸ್ತಿ ಪರಭಾರೆ ಮಾಡುವ ಸಂಭವವಿದೆ’ ಅಂತ ಒಂದು ಸಾಲು ಟೈಪು ಮಾಡಿಸಿ ಸಹಿ ಹಾಕಬೇಡ. ಅಂಥ ಅಫಿಡವಿಟ್ಟುಗಳು ಕಟ್ಟುಗಟ್ಟಲೆ ಬರುತ್ತವೆ, ಕಟ್ಟುಗಟ್ಟಲೆ ವಜಾ ಆಗುತ್ತವೆ. ಯಾವ ಸೈಟು, ಯಾರಿಗೆ ತೋರಿಸಿದ, ಯಾವ ತಾರೀಖು, ನಿನಗೆ ಹೇಳಿದವರು ಯಾರು, ಅದೆಲ್ಲ ಬರೆಸು. ಬೇರೆಯವರಿಂದ ತಿಳಿದದ್ದಾದರೆ ಹಾಗಂತಲೇ ಬರೆದು, ನಂಬಲು ಕಾರಣ ಏನು ಅಂತಲೂ ತಿಳಿಸಬೇಕು. ಬ್ರೋಕರ್ ಕಳಿಸಿದ ಮೆಸೇಜು ಇದ್ದರೆ ಅದನ್ನು ಲಗತ್ತಿಸು. ಅವನು ಗೋಡೌನ್ ಖಾಲಿ ಮಾಡಿದ್ದು, ಕೊಟ್ಟ ಚೆಕ್ ವಾಪಸ್ ಬಂದದ್ದು, ಉಳಿದ ಅಂಗಡಿಯವರಿಗೂ ಬಾಕಿ ಕೊಡದೆ ಕೈ ಎತ್ತಿದ್ದು ನಿಜವಾಗಿದ್ದರೆ ಅವೆಲ್ಲ ಸೇರಿದಾಗಲೇ ಅವನ ಉದ್ದೇಶ ಕಾಣುವುದು. ನಿನಗೆ ಗೊತ್ತಿಲ್ಲದ ಒಂದು ಅಕ್ಷರವನ್ನೂ ಸೇರಿಸಬೇಡ. ಸಾಕಷ್ಟು ಕಾರಣವಿಲ್ಲದೆ ಜಪ್ತಿ ಮಾಡಿಸಿದ್ದು ಅಂತಾದರೆ ಅದೇ ಸಂಹಿತೆಯ 95ನೇ ಕಲಮಿನಡಿ 50,000 ರೂಪಾಯಿವರೆಗೆ ಅವನಿಗೆ ನೀನೇ ಪರಿಹಾರ ಕಟ್ಟಬೇಕಾಗಬಹುದು. ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇದೆ. ಒಮ್ಮೆ ನಿನ್ನ ಮಾತು ಸುಳ್ಳು ಅಂತ ಕಂಡರೆ, ನಿಜವಾದ ಬಿಲ್ಲುಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

‘ಎಲ್ಲ ಜಪ್ತಿ’ ಅನ್ನುವ ಮಾತು ಬಿಡು. ಯಾವ ಆಸ್ತಿ, ಅದರ ಅಂದಾಜು ಬೆಲೆ ಎಷ್ಟು ಅಂತ ಅರ್ಜಿಯಲ್ಲೇ ಹೇಳಬೇಕು. 9 ಲಕ್ಷಕ್ಕೆ ಸೈಟು ಸಾಕಾದರೆ ಸೈಟಷ್ಟೇ ಕೇಳು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಸಮೇತ. ಹೆಂಡತಿಯ ಹೆಸರಿನ ಮನೆ ಅವನ ಆಸ್ತಿಯಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಅದನ್ನು ಅವಳ ಹೆಸರಿಗೆ ಮಾಡಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಆ ವಿಷಯ ವಕೀಲರ ಹತ್ತಿರ ಮಾತಾಡು. ಊರಿನ ತೋಟದ ಅಡಿಕೆಯ ಮೇಲೂ ಕಣ್ಣು ಹಾಕಬೇಡ. ರೈತನ ಕೈಯಲ್ಲಿರುವ ಫಸಲನ್ನು ತೀರ್ಪಿಗೆ ಮುಂಚೆ ಜಪ್ತಿ ಮಾಡುವಂತಿಲ್ಲ.

ಅರ್ಜಿ ಹಾಕಿದ ದಿನವೇ ಜಪ್ತಿ ಅಂದುಕೊಳ್ಳಬೇಡ. ಕೋರ್ಟು ಮೊದಲು ‘ಇಷ್ಟು ಮೊತ್ತಕ್ಕೆ ಭದ್ರತೆ (ಜಾಮೀನು) ಕೊಡು, ಇಲ್ಲವೇ ಯಾಕೆ ಕೊಡಬಾರದು ಅಂತ ಬಂದು ಕಾರಣ ಹೇಳು’ ಅಂತ ಅವನಿಗೆ ಆದೇಶ ಕೊಡುತ್ತದೆ. ಅಷ್ಟರಲ್ಲಿ ಆಸ್ತಿ ಕೈತಪ್ಪುವ ಭಯ ಇದ್ದರೆ ಅದರ ಜೊತೆಗೇ ಷರತ್ತಿನ ಜಪ್ತಿ ಮಾಡಬಹುದು. ಆ ಮೊದಲ ಹೆಜ್ಜೆಯನ್ನೇ ಹಾರಿ ಜಪ್ತಿ ಮಾಡಿದರೆ ಅದು ಅಸಿಂಧು. 1976ರ ತಿದ್ದುಪಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಸೇರಿಸಿದ್ದಾರೆ. ಅದಕ್ಕೇ ಆದೇಶದ ಪ್ರತಿ ಕೈಗೆ ಬಂದ ತಕ್ಷಣ ವಕೀಲರ ಜೊತೆ ಕೂತು ಸಾಲುಸಾಲು ಓದು. ಅವನು ಭದ್ರತೆ ಕೊಟ್ಟರೆ ಜಪ್ತಿ ತೆರವಾಗುತ್ತದೆ. ಆಗ ಬೇಜಾರು ಮಾಡಿಕೊಳ್ಳಬೇಡ, ನಿನಗೆ ಬೇಕಾದದ್ದೂ ಅದೇ ತಾನೇ.

ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊ. ಜಪ್ತಿ ಆದರೆ ಸೈಟು ನಿನ್ನದಾಗುವುದಿಲ್ಲ. ಅವನು ಆಮೇಲೆ ಯಾರಿಗಾದರೂ ಮಾರಿದರೆ ಆ ಮಾರಾಟ ನಿನ್ನ ಹಕ್ಕಿಗೆ ಅಡ್ಡ ಬರುವುದಿಲ್ಲ, ಅಷ್ಟೇ. ಬ್ಯಾಂಕಿನ ಅಡಮಾನ ಮೊದಲೇ ಇದ್ದರೆ ಬ್ಯಾಂಕಿಗೇ ಮೊದಲು. ಅವನಿಗೆ ಸಾಲ ಕೊಟ್ಟ ಬೇರೆಯವರೂ ಡಿಕ್ರಿ ತಂದು ಹರಾಜಿನ ಹಣ ಕೋರ್ಟಿಗೆ ಬರುವ ಮುಂಚೆ ಅರ್ಜಿ ಹಾಕಿದ್ದರೆ ಅವರಿಗೂ ಪಾಲು ಹೋಗುತ್ತದೆ. ಜಪ್ತಿಗೆ ಮುಂಚೆಯೇ ಕ್ರಯಪತ್ರ ಬರೆದುಕೊಟ್ಟು ನೋಂದಣಿ ಆಮೇಲೆ ಆಗಿದ್ದರೂ ಕೊಂಡವನ ಹಕ್ಕೇ ನಿಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ಜಪ್ತಿಗೆ ಮುಂಚೆ ನೋಂದಣಿಯಾದ ಕರಾರಿನ ಪ್ರಕಾರ ಆಮೇಲೆ ಆಗುವ ಮಾರಾಟಕ್ಕೂ 2002ರ ತಿದ್ದುಪಡಿಯಿಂದ ರಕ್ಷಣೆ ಇದೆ. ಹಾಗಾಗಿ ಇವತ್ತೇ ಆ ಸೈಟಿನ ಇಸಿ (ಋಣಭಾರ ಪತ್ರ) ತೆಗೆಸು. ಅಡಮಾನ, ಕರಾರು ಏನಿದೆ ಅಂತ ನೋಡದೆ ಕೋರ್ಟ್ ಶುಲ್ಕ ಕಟ್ಟಬೇಡ. ಜಪ್ತಿ ಆದೇಶ ಆದ ಮೇಲೆ ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ಮುಟ್ಟಿತೇ ಅಂತ ವಿಚಾರಿಸು.

ನಿನ್ನದು ವ್ಯಾಪಾರದ ಬಾಕಿ, 3 ಲಕ್ಷ ದಾಟಿದೆ. ಇಂಥ ವಾಣಿಜ್ಯ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಬೇಕು. ತುರ್ತು ಆದೇಶ ಬೇಕಾದವರು ಮಾತ್ರ ನೇರವಾಗಿ ಕೋರ್ಟಿಗೆ ಹೋಗಬಹುದು. ಆ ತುರ್ತು ನಿಜವೋ ನೆಪವೋ ಅಂತ ಕೋರ್ಟು ನೋಡುತ್ತದೆ. ಅವನು ನಿಜವಾಗಿ ಓಡಿಹೋಗುತ್ತಿಲ್ಲ, ಕೈ ಕಟ್ಟಿದೆ ಅಷ್ಟೇ ಅಂತ ನಿನಗೇ ಅನ್ನಿಸಿದರೆ ಮಧ್ಯಸ್ಥಿಕೆಗೇ ಹೋಗು ಪುಟ್ಟಿ. ಕಂತಿನಲ್ಲಿ ಬಂದರೂ ಅದು ದುಡ್ಡೇ.

ಬಿಲ್ಲುಗಳು, ಸಾಮಾನು ಮುಟ್ಟಿದ್ದಕ್ಕೆ ಅವನ ಕಡೆಯವರು ಹಾಕಿದ ಸಹಿ, ಲೆಡ್ಜರು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ತಾರೀಖಿನ ಪ್ರಕಾರ ಜೋಡಿಸು. ಉದ್ದರಿಗೆ ವಾಯಿದೆ ಗೊತ್ತುಮಾಡದಿದ್ದರೆ ಸಾಮಾನು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು, ಗೊತ್ತುಮಾಡಿದ್ದರೆ ಆ ವಾಯಿದೆ ಮುಗಿದ ದಿನದಿಂದ. ಹಳೆಯ ಬಿಲ್ಲು ಯಾವುದು, ಅದರ ತಾರೀಖು ಏನು ಅಂತ ಮೊದಲು ನೋಡಿ ನನಗೆ ಬರೆ. ಇಸಿ ಬಂದರೆ ಅದನ್ನೂ ಕಳಿಸು, ವಕೀಲರ ಹತ್ತಿರ ಹೋಗುವ ಮುಂಚೆ ಇಬ್ಬರೂ ಕೂತು ನೋಡೋಣ.

ಇತಿ,
ನಿನ್ನ ಸೋದರಮಾವ